ಕಾವಾಯಿ ಕಾಂಜಿರೋ ಅವರ ಮನೆ: ಕ್ಯೋಟೋದಲ್ಲಿ ನೋಡಲೇಬೇಕಾದ ಸಂಗ್ರಹಾಲಯ

ಜಪಾನಿನ ಕ್ಯೋಟೋ ನಗರದಲ್ಲಿ ಕುಂಬಾರರ ಕೇರಿಯೆಂದೇ ಹೆಸರಾದ ಗೋಜೋಜಾಕಾದ ಓಣಿಯೊಂದರಲ್ಲಿ ಕುಂಬಾರಿಕೆಯ ಕಲಾವಿದ ಕಾವಾಯಿ ಕಾಂಜಿರೋ ಅವರ ಮನೆಯಿದೆ. 1937ರಲ್ಲಿ ಅವರೇ ವಿನ್ಯಾಸ ಮಾಡಿ ಕಟ್ಟಿಸಿದ ಈ ಮರದ ಮನೆ, 1973ರಿಂದ ಸಂಗ್ರಹಾಲಯವಾಗಿದೆ. ನಡುಮನೆಯಲ್ಲಿ ನೆಲ ತೋಡಿ ಮಾಡಿದ ಅಗ್ಗಿಷ್ಟಿಕೆ, ಅದರ ಸುತ್ತ ಅವರು ಬಳಸಿದ ಪೀಠೋಪಕರಣಗಳು, ಅಲ್ಲಲ್ಲಿ ಅವರದೇ ಹೂಜಿ ಮತ್ತು ಬಟ್ಟಲುಗಳು; ಯಜಮಾನರು ಈಗಷ್ಟೇ ಎದ್ದು ಹಿತ್ತಲಿಗೆ ಹೋಗಿದ್ದಾರೇನೋ ಎನಿಸುತ್ತದೆ.

1890ರಲ್ಲಿ ಶಿಮಾನೆ ಪ್ರಾಂತ್ಯದ ಯಾಸುಗಿಯಲ್ಲಿ ಹುಟ್ಟಿದ ಕಾವಾಯಿ, ಟೋಕಿಯೋದಲ್ಲಿ ತಾಂತ್ರಿಕ ಶಿಕ್ಷಣ ಪಡೆದು, ಕ್ಯೋಟೋದ ಪ್ರಯೋಗಾಲಯದಲ್ಲಿ ಪಾತ್ರೆಗಳಿಗೆ ಹಚ್ಚುವ ಮೆರುಗುಲೇಪಗಳ ರಸಾಯನವನ್ನು ಅಭ್ಯಾಸ ಮಾಡಿ, 1920ರಲ್ಲಿ ಇಲ್ಲಿನ ಆವಿಗೆಯನ್ನು ಕೊಂಡರು. ಮರುವರ್ಷದ ಮೊದಲ ಪ್ರದರ್ಶನದಲ್ಲಿಯೇ, ಚೀನಾದ ಪ್ರಾಚೀನ ಶೈಲಿಯನ್ನು ಅನುಸರಿಸಿದ ಪಾತ್ರೆಗಳಿಗೆ ಅಪಾರ ಪ್ರಶಂಸೆ ದೊರೆಯಿತು. ಆ ಪ್ರಶಂಸೆಯ ನಡುವೆಯೇ ಅವರು ದಾರಿ ಬದಲಿಸಿದ್ದು ಅವರ ವೃತ್ತಿಜೀವನದ ದೊಡ್ಡ ಘಟನೆಯೆಂದು ನನ್ನ ಅಭಿಪ್ರಾಯ. ಚಿಂತಕ ಯಾನಾಗಿ ಸೋಯೆತ್ಸು ಮತ್ತು ಕುಂಬಾರ ಹಮಾದಾ ಶೋಜಿ ಅವರೊಂದಿಗೆ, ಹೆಸರಿಲ್ಲದ ಕುಶಲಕರ್ಮಿಗಳ ದಿನಬಳಕೆಯ ವಸ್ತುಗಳಲ್ಲಿ ಚೆಲುವನ್ನು ಕಾಣುವ ಮಿಂಗೇ ಚಳವಳಿಗೆ ಅವರು ಅಡಿಪಾಯ ಹಾಕಿದರು. ತಮ್ಮ ಪಾತ್ರೆಗಳಿಗೆ ಸಹಿ ಹಾಕುವುದನ್ನೇ ಬಿಟ್ಟರು. 1937ರ ಪ್ಯಾರಿಸ್ ಮತ್ತು 1957ರ ಮಿಲಾನ್ ಪ್ರದರ್ಶನಗಳಲ್ಲಿ ಅಗ್ರ ಪ್ರಶಸ್ತಿ ಬಂದರೂ, ಸ್ವದೇಶದ ‘ಜೀವಂತ ರಾಷ್ಟ್ರೀಯ ಸಂಪತ್ತು’ ಎಂಬ ಗೌರವವನ್ನು ಅವರು ಒಪ್ಪಿಕೊಳ್ಳಲಿಲ್ಲ. ಅವರು ತೀರಿಕೊಂಡದ್ದು 1966ರಲ್ಲಿ.

ಹಿತ್ತಲಿನ ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಏರುವ ಎಂಟು ಕೋಣೆಗಳ ಆವಿಗೆ ಹಾಗೆಯೇ ಉಳಿದಿದೆ. ಕೆಳಗೆ ಹಚ್ಚಿದ ಬೆಂಕಿಯ ಕಾವು ಮೇಲಿನ ಕೋಣೆಗಳನ್ನು ಬಿಸಿ ಮಾಡುತ್ತ ಸಾಗುತ್ತದೆ, ಬಳಿಕ ಒಂದೊಂದು ಕೋಣೆಗೂ ಪಕ್ಕದಿಂದ ಸೌದೆ ತುಂಬುತ್ತಾರೆ. ಕಾವಾಯಿ ಅವರಿಗೆ ಪ್ರಿಯವಾದ, ತಾಮ್ರ ಬೆರೆತ ಮೆರುಗಿನ ಕೆಂಪು ಬಣ್ಣ, ಒಳಗೆ ಗಾಳಿ ಕಡಿಮೆಯಾಗಿ ಹೊಗೆ ದಟ್ಟೈಸಿದಾಗ ಮಾತ್ರ ಮೂಡುತ್ತದೆ; ಹದ ತಪ್ಪಿದರೆ ಹಸಿರಿಗೆ ತಿರುಗುತ್ತದೆ. ಮಸಿ ಹಿಡಿದ ಆ ಗೋಡೆಗಳ ಮುಂದೆ ನಿಂತ ಮೇಲೆ, ಒಳಮನೆಯ ಕೆಂಪು ಹೂಜಿಯನ್ನು ಮತ್ತೊಮ್ಮೆ ನೋಡಲು ನಾನು ಹಿಂದಿರುಗಿದೆ.

ಕೊನೆಯ ವರ್ಷಗಳ ಮರದ ಕೆತ್ತನೆಗಳೂ ಇಲ್ಲಿವೆ. ನನ್ನ ಮನಸ್ಸನ್ನು ಅವು ಪಾತ್ರೆಗಳಷ್ಟು ಸೆಳೆಯಲಿಲ್ಲ. ಇದು ಮನೆಯಾದ್ದರಿಂದ ವಸ್ತುಗಳು ಕಾಲಾನುಕ್ರಮದಲ್ಲಿ ಇರುವುದಿಲ್ಲ. ಅವರ ಬದುಕಿನ ಘಟ್ಟಗಳನ್ನು ಮೊದಲೇ ಓದಿಕೊಂಡು ಹೋಗುವುದು ಒಳ್ಳೆಯದು. ಕೆಯ್‌ಹಾನ್ ರೈಲುಮಾರ್ಗದ ಕಿಯೋಮಿಜು-ಗೋಜೋ ನಿಲ್ದಾಣದಿಂದ ನಡೆದೇ ಹೋಗಬಹುದು. ಸೋಮವಾರ ರಜೆ.