ಕೋಟಿ ಲೆಕ್ಕ ಸರಿ, ಜನ ಎಷ್ಟು ಬಂದ್ರು? ಹಾಸನದ ಥಿಯೇಟರ್ ಕ್ಯಾಂಟೀನಿನಿಂದ ಬಾಕ್ಸ್ ಆಫೀಸ್ ವರದಿಗಳ ವಿಮರ್ಶೆ

ಸಿನಿಮಾ ಗಳಿಕೆಯ ಲೆಕ್ಕ ಹಾಕುವ ಓರ್ಮ್ಯಾಕ್ಸ್ ಮೀಡಿಯಾ ಅನ್ನುವ ಕಂಪನಿಯವರು ತಿಂಗಳಿಗೊಮ್ಮೆ ಹೊರತರುವ ಬಾಕ್ಸ್ ಆಫೀಸ್ ವರದಿಯನ್ನು ನಾನು ತಪ್ಪದೆ ಓದುತ್ತೇನೆ. ಸಿನಿಮಾ ತೆಗೆಯುವುದು, ಹಂಚುವುದು ನನ್ನ ಕೆಲಸವಲ್ಲ. ಹಾಸನದ ಒಂದು ಹಳೇ ಸಿಂಗಲ್ ಸ್ಕ್ರೀನ್ ಥಿಯೇಟರಿನಲ್ಲಿ ಕ್ಯಾಂಟೀನ್ ಗುತ್ತಿಗೆ ಹಿಡಿದಿದ್ದೇನೆ. ಮುಂದಿನ ತಿಂಗಳು ಜನ ಬರ್ತಾರಾ ಇಲ್ವಾ ಅನ್ನುವುದು ನಿರ್ಮಾಪಕರಿಗೆ ಎಷ್ಟು ಮುಖ್ಯವೋ ನನಗೂ ಅಷ್ಟೇ ಮುಖ್ಯ. ಗುತ್ತಿಗೆ ಹಣ ತಿಂಗಳಿಗೆ ಇಷ್ಟು ಅಂತ ಕಟ್ಟಲೇಬೇಕು. ಹುಡುಗರಿಗೆ ಸಂಬಳ ಕೊಡಲೇಬೇಕು. ವ್ಯಾಪಾರ ಮಾತ್ರ ಇಂಟರ್‌ವಲ್‌ನ ಹತ್ತು ಹದಿನೈದು ನಿಮಿಷದ್ದು.

ಹಾಗಾಗಿ ಟಿಕೆಟ್ ಲೆಕ್ಕ ಎಲ್ಲಿ ಸಿಕ್ಕರೂ ನೋಡುತ್ತೇನೆ. ಓರ್ಮ್ಯಾಕ್ಸ್‌ನ ತಿಂಗಳ ವರದಿ, ದಿನಾ ಕಲೆಕ್ಷನ್ ಹಾಕುವ ಸೈಟುಗಳು, ಬುಕ್‌ಮೈಶೋ ಆ್ಯಪ್‌ನಲ್ಲಿ ಕಾಣುವ 24 ಗಂಟೆಯ ಟಿಕೆಟ್ ಸಂಖ್ಯೆ, ಈ ಮೂರೂ ನನ್ನ ಮೊಬೈಲ್‌ನಲ್ಲಿ ಇರುತ್ತವೆ. ಜೊತೆಗೆ ನಮ್ಮ ಥಿಯೇಟರಿನ ಡಿಸಿಆರ್ ಕಣ್ಣೆದುರಿಗೇ ಇರುತ್ತೆ. ಪಕ್ಕಪಕ್ಕ ಇಟ್ಟು ನೋಡಿದ್ದರಿಂದ ಯಾವುದು ಎಲ್ಲಿ ಉಪಯೋಗಕ್ಕೆ ಬರುತ್ತೆ, ಎಲ್ಲಿ ಕೈಕೊಡುತ್ತೆ ಅನ್ನೋದು ಗೊತ್ತಾಗಿದೆ.

ಡಿಸಿಆರ್ ಅಂದ್ರೆ ಡೈಲಿ ಕಲೆಕ್ಷನ್ ರಿಪೋರ್ಟ್. ನೋಡದವರಿಗೆ ಸ್ವಲ್ಪ ಹೇಳ್ತೀನಿ. ಒಂದೊಂದು ಕ್ಲಾಸಿಗೆ ಒಂದೊಂದು ಸಾಲು. ಶೋ ಶುರುವಾಗುವಾಗ ಟಿಕೆಟ್ ನಂಬರ್ ಎಷ್ಟಿತ್ತು, ಕೌಂಟರ್ ಮುಚ್ಚಿದಾಗ ಎಷ್ಟಾಯ್ತು ಅಂತ ಬರೆಯುತ್ತಾರೆ. ಎರಡನ್ನೂ ಕಳೆದರೆ ಎಷ್ಟು ಜನ ಒಳಗೆ ಬಂದರು ಅಂತ ಸಿಕ್ಕಿತು. ಅದನ್ನು ದರದಿಂದ ಗುಣಿಸಿದರೆ ಗ್ರಾಸ್, ತೆರಿಗೆ ಕಳೆದರೆ ನೆಟ್. ಕೆಳಗೆ ಮ್ಯಾನೇಜರ್ ಸಹಿ, ಡಿಸ್ಟ್ರಿಬ್ಯೂಟರ್ ಕಡೆಯ ರೆಪ್ರೆಸೆಂಟೇಟಿವ್ ಸಹಿ. ಈಗ ಕಂಪ್ಯೂಟರ್ ಟಿಕೆಟ್ ಬಂದು ಆನ್‌ಲೈನ್‌ಗೆ ಬೇರೆ ಸಾಲು ಸೇರಿದೆ. ಆದರೂ ಕ್ರಮ ಅದೇ. ಮೊದಲು ಜನ, ಆಮೇಲೆ ದುಡ್ಡು. ಸುದ್ದಿಯಲ್ಲಿ ಮಾತ್ರ ಬರೀ ಕೋಟಿ ಕಾಣುತ್ತೆ. ಎಷ್ಟು ಜನ ನೋಡಿದ್ರು ಅಂತ ಯಾರೂ ಹೇಳಲ್ಲ. ಕೋಟಿ ಬಂದು ಪಫ್ಸ್ ತಿನ್ನುವುದಿಲ್ಲ, ಜನ ಬಂದು ತಿನ್ನಬೇಕು. ನನ್ನ ವಿಮರ್ಶೆಯೆಲ್ಲ ಈ ಜಾಗದಿಂದಲೇ.

ಮೊದಲು ಓರ್ಮ್ಯಾಕ್ಸ್. ಇವರ ವರದಿಯಲ್ಲಿ ಇಡೀ ದೇಶದ ಗ್ರಾಸ್ ಇರುತ್ತೆ, ಭಾಷೆವಾರು ಪಾಲು ಇರುತ್ತೆ, ಹಿಂದಿನ ವರ್ಷಗಳ ಹೋಲಿಕೆ ಇರುತ್ತೆ. ಓದಲು ದುಡ್ಡು ಕೊಡಬೇಕಿಲ್ಲ. ಎಲ್ಲರ ಲೆಕ್ಕವನ್ನೂ ಒಂದೇ ಅಳತೆಯಲ್ಲಿ ಅಳೆದಿರುತ್ತಾರೆ. ಇದು ದೊಡ್ಡ ವಿಷಯ. ಬೇರೆ ಕಡೆ ಒಬ್ಬರು ನೆಟ್ ಹಾಕ್ತಾರೆ, ಇನ್ನೊಬ್ಬರು ಗ್ರಾಸ್ ಹಾಕ್ತಾರೆ, ಮತ್ತೊಬ್ಬರು ವಿದೇಶದ್ದೂ ಸೇರಿಸಿ ಪೋಸ್ಟರ್ ಮಾಡ್ತಾರೆ. ಹೋಲಿಸೋದು ಹೇಗೆ?

ವರ್ಷದ ಕೊನೆಯ ವರದಿಯಲ್ಲಿ ಇವರು ತಲೆ ಲೆಕ್ಕವನ್ನೂ ಕೊಡುತ್ತಾರೆ. ಅದಕ್ಕಾಗಿ ನಾನು ಇವರಿಗೆ ಋಣಿ. 2023ರಲ್ಲಿ ದೇಶದ ಒಟ್ಟು ಗ್ರಾಸ್ 12,226 ಕೋಟಿ ರೂಪಾಯಿ. 2024ರಲ್ಲಿ 11,833 ಕೋಟಿ. ನೂರಕ್ಕೆ ಮೂರರಷ್ಟು ಇಳಿಕೆ, ಪರವಾಗಿಲ್ಲ ಅನ್ನಿಸುತ್ತೆ ಅಲ್ವಾ? ಈಗ ತಲೆ ನೋಡಿ. 2023ರಲ್ಲಿ 94.3 ಕೋಟಿ ಟಿಕೆಟ್, 2024ರಲ್ಲಿ 88.3 ಕೋಟಿ. ಆರು ಕೋಟಿ ಟಿಕೆಟ್ ಕಡಿಮೆ. ನೂರಕ್ಕೆ ಆರರಷ್ಟು ಜನ ಕಡಿಮೆಯಾದರು. ಸರಾಸರಿ ಟಿಕೆಟ್ ದರ 130ರಿಂದ 134 ರೂಪಾಯಿಗೆ ಏರಿದ್ದರಿಂದ ಆ ಇಳಿಕೆ ದುಡ್ಡಿನ ಲೆಕ್ಕದಲ್ಲಿ ಅರ್ಧ ಮುಚ್ಚಿಹೋಯ್ತು. ಕ್ಯಾಂಟೀನಿನಲ್ಲಿ ಕೂತವನಿಗೆ ಅದು ಮುಚ್ಚಿಹೋಗಲಿಲ್ಲ. ಸಂಜೆ ಕಾಫಿ ಡಿಕಾಕ್ಷನ್ ಉಳಿಯುತ್ತಿತ್ತು.

ಕನ್ನಡದ ಪಾಲು ನೋಡುವಾಗ ಮನಸ್ಸಿಗೆ ನೋವಾಗುತ್ತೆ. 2022ರಲ್ಲಿ ದೇಶದ ಒಟ್ಟು ಗಳಿಕೆಯಲ್ಲಿ ಕನ್ನಡ ನೂರಕ್ಕೆ ಸುಮಾರು ಎಂಟು ಇತ್ತು. ಮಾರನೇ ವರ್ಷ ಅದರ ಅರ್ಧಕ್ಕಿಂತ ಕೆಳಗೆ ಇಳಿಯಿತು. ಎರಡು ದೊಡ್ಡ ಸಿನಿಮಾ ಬಂದ ವರ್ಷಕ್ಕೂ ಬಾರದ ವರ್ಷಕ್ಕೂ ಇಷ್ಟು ವ್ಯತ್ಯಾಸ ಅಂದ್ರೆ ನಡುವಿನ ಸಿನಿಮಾಗಳಿಗೆ ಜನ ಬರುತ್ತಿಲ್ಲ ಅಂತಲೇ ಅರ್ಥ. ಥಿಯೇಟರ್ ವರ್ಷಪೂರ್ತಿ ನಡೆಯೋದು ಆ ನಡುವಿನ ಸಿನಿಮಾಗಳಿಂದ.

ತಿಂಗಳ ವರದಿ ಓದುವಾಗ ಒಂದು ವಿಷಯ ನೆನಪಿರಲಿ. ಅಲ್ಲಿ ತಿಂಗಳು ಅಂದ್ರೆ ಬಿಡುಗಡೆಯಾದ ತಿಂಗಳು. ಆ ತಿಂಗಳು ತೆರೆಗೆ ಬಂದ ಸಿನಿಮಾಗಳು ಒಟ್ಟು ಎಷ್ಟು ಗಳಿಸುತ್ತವೆ ಅನ್ನುವ ಲೆಕ್ಕ ಅದು. ‘ಕಾಂತಾರ’ ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ, ಸೆಪ್ಟೆಂಬರಿನ ಕೊನೆಯ ದಿನ. ಜನ ಮುಗಿಬಿದ್ದದ್ದು ಅಕ್ಟೋಬರ್ ಪೂರ್ತಿ, ನವೆಂಬರಿನಲ್ಲೂ. ಕರ್ನಾಟಕದಲ್ಲೇ ಒಂದು ಕೋಟಿ ಟಿಕೆಟ್ ಮಾರಾಟವಾಗಿದೆ ಅಂತ ನಿರ್ಮಾಪಕರಾದ ಹೊಂಬಾಳೆಯವರು ಆಗ ಪ್ರಕಟಿಸಿದ್ದರು. ಅವರೂ ದುಡ್ಡಿನ ಬದಲು ಟಿಕೆಟ್ ಸಂಖ್ಯೆ ಹೇಳಿದ್ದು ನನಗೆ ತುಂಬಾ ಹಿಡಿಸಿತ್ತು. ಬಿಡುಗಡೆ ತಿಂಗಳ ಲೆಕ್ಕ ಹಿಡಿದರೆ ಇಷ್ಟೂ ಸೆಪ್ಟೆಂಬರ್ ಖಾತೆಗೆ ಹೋಗುತ್ತೆ. ಸಿನಿಮಾದವರಿಗೆ ಅದು ಸರಿಯಾದ ಲೆಕ್ಕವೇ, ಯಾವ ತಿಂಗಳು ಬಿಟ್ಟರೆ ಒಳ್ಳೇದು ಅಂತ ತಿಳಿಯುತ್ತೆ. ಥಿಯೇಟರ್, ಕ್ಯಾಂಟೀನ್, ಗಾಡಿ ಸ್ಟ್ಯಾಂಡ್ ನಡೆಸುವವರು ಅದೇ ಅಂಕಿ ಹಿಡಿದು ಅಕ್ಟೋಬರ್ ಖಾಲಿ ಅಂತ ತಿಳಿದರೆ ಕೆಟ್ಟೆವು.

ದಿನದ ಕಲೆಕ್ಷನ್ ಹಾಕುವ ಸೈಟುಗಳು ಬೇರೆ ರೀತಿ. ಇಲ್ಲಿ ವೇಗ ಇದೆ. ರಾತ್ರಿ ಸೆಕೆಂಡ್ ಶೋ ಮುಗಿಯುವ ಮೊದಲೇ ಅಂದಾಜು ಬಂದಿರುತ್ತೆ, ಮಾರನೇ ದಿನ ತಿದ್ದಿರುತ್ತಾರೆ. ಮೊತ್ತವನ್ನು ನಾನು ಅಷ್ಟಾಗಿ ನಂಬಲ್ಲ. ಒಂದೇ ಸೈಟಿನಲ್ಲಿ ಶುಕ್ರವಾರಕ್ಕೂ ಸೋಮವಾರಕ್ಕೂ ಇರುವ ಅಂತರವನ್ನು ಮಾತ್ರ ನಂಬುತ್ತೇನೆ. ಅಳೆಯುವವರು ಅವರೇ, ತಪ್ಪಿದರೆ ಎರಡೂ ದಿನ ಒಂದೇ ಥರ ತಪ್ಪಿರುತ್ತೆ. ಸೋಮವಾರ ಅರ್ಧಕ್ಕಿಂತ ಕೆಳಗೆ ಬಿತ್ತಾ, ಮಾರನೇ ವಾರಕ್ಕೆ ಸರಕು ಕಡಿಮೆ ತರಿಸಬೇಕು. 2025ರ ಜುಲೈ 25ಕ್ಕೆ ಬಂದ ‘ಸು ಫ್ರಮ್ ಸೋ’ ಈ ಲೆಕ್ಕವನ್ನೇ ತಿರುಗಿಸಿ ಹಾಕಿತು. ಮೊದಲ ಶುಕ್ರವಾರಕ್ಕಿಂತ ಮೊದಲ ಸೋಮವಾರದ ಕಲೆಕ್ಷನ್ ಜಾಸ್ತಿ. ಅಂಥದ್ದು ತೀರಾ ಅಪರೂಪ. ಬಾಯಿಂದ ಬಾಯಿಗೆ ಹೋಗಿ ಜನ ಬರುವುದು ಅಂದ್ರೆ ಅಂಕಿಗಳಲ್ಲಿ ಹೀಗೆ ಕಾಣುತ್ತೆ. ಹೊರಗೆ ಆಷಾಢ ಮುಗಿದು ಶ್ರಾವಣದ ಮಳೆ, ಒಳಗೆ ಒದ್ದೆ ಛತ್ರಿ ಹಿಡಿದುಕೊಂಡ ಸಂಸಾರಗಳು. ಟೀ ಕುದಿಸಿ ಕುದಿಸಿ ನಮ್ಮ ಹುಡುಗನಿಗೆ ಸಾಕಾಗಿತ್ತು.

ಈ ಸೈಟುಗಳ ದೊಡ್ಡ ಕೊರತೆ ಊರಿನದು. ನಾನು ನೋಡುವ ಒಂದು ಸೈಟಿನ ಆಕ್ಯುಪೆನ್ಸಿ ಪಟ್ಟಿಯಲ್ಲಿ, ಅಂದ್ರೆ ಯಾವ ಊರಲ್ಲಿ ಎಷ್ಟು ಸೀಟು ತುಂಬಿತು ಅನ್ನುವ ಪಟ್ಟಿಯಲ್ಲಿ, ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಶಿವಮೊಗ್ಗ ಎಲ್ಲ ಇದೆ. ಹಾಸನ ಹುಡುಕಿದರೂ ಸಿಗಲ್ಲ. ಗಾಂಧಿನಗರದ ಹಂಚಿಕೆದಾರರ ಲೆಕ್ಕದಲ್ಲಿ ಮೈಸೂರು, ಮಂಡ್ಯ, ಕೊಡಗು, ಹಾಸನ ಸೇರಿ ಎಂಎಂಸಿಎಚ್ ಅನ್ನುವ ಒಂದು ಏರಿಯಾ. ಸಿನಿಮಾ ಮಾರುವಾಗ ನಮ್ಮ ಊರಿನ ಹೆಸರಿಗೂ ಅಲ್ಲಿ ಒಂದು ಅಕ್ಷರ ಇದೆ. ಲೆಕ್ಕ ಹೇಳುವಾಗ ಮಾತ್ರ ನಾವು ಮೈಸೂರಿನ ಹಿಂದೆ ಮರೆಯಾಗ್ತೀವಿ. ಮೈಸೂರಿನ ಮಲ್ಟಿಪ್ಲೆಕ್ಸ್ ತುಂಬಿದ ಸಿನಿಮಾಗೆ ನಮ್ಮಲ್ಲಿ ಬಾಲ್ಕನಿ ಮಾತ್ರ ತುಂಬಿರುತ್ತೆ. ನಮ್ಮಲ್ಲಿ ಮುಂದಿನ ಸಾಲಿನವರು ಶಿಳ್ಳೆ ಹೊಡೆದು ನೋಡಿದ ಸಿನಿಮಾ ಅಲ್ಲಿ ಎರಡನೇ ವಾರಕ್ಕೆ ಎತ್ತಂಗಡಿ ಆಗಿರುತ್ತೆ.

ಇನ್ನೊಂದು ಸೂಕ್ಷ್ಮ ಇದೆ. ಆ್ಯಪ್ ತೆರೆದು ಸೀಟ್ ನಕ್ಷೆ ನೋಡಿ ಎಷ್ಟು ತುಂಬಿದೆ ಅಂತ ಎಣಿಸುವವರಿದ್ದಾರೆ. ನಮ್ಮಂಥ ಥಿಯೇಟರಿನಲ್ಲಿ ಕೆಲವು ಸಾಲುಗಳನ್ನು ಕೌಂಟರ್‌ಗೆ ಅಂತ ಆನ್‌ಲೈನ್‌ನಲ್ಲಿ ಲಾಕ್ ಮಾಡಿರುತ್ತಾರೆ. ನಕ್ಷೆಯಲ್ಲಿ ಆ ಸೀಟುಗಳು ಮಾರಾಟವಾದ ಸೀಟಿನ ಹಾಗೇ ಬೂದು ಬಣ್ಣದಲ್ಲಿ ಕಾಣುತ್ತವೆ. ಬೆಳಗಿನ ಶೋಗೆ ಅರ್ಧ ಬಾಲ್ಕನಿ ಬುಕ್ ಆಗಿದೆ ಅಂತ ಮೊಬೈಲ್ ಹೇಳುತ್ತೆ, ಒಳಗೆ ಹೋಗಿ ನೋಡಿದರೆ ಫ್ಯಾನ್ ಕೆಳಗೆ ನಾಲ್ಕೈದು ಕಾಲೇಜ್ ಹುಡುಗರು ಕೂತಿರುತ್ತಾರೆ. ಸಂಜೆ ಇದು ಉಲ್ಟಾ ಆಗುತ್ತೆ. ಬಸ್ ಇಳಿದು ನೇರ ಕೌಂಟರ್‌ಗೆ ಬಂದು ನಗದು ಕೊಟ್ಟು ಟಿಕೆಟ್ ತಗೊಂಡವರು ಯಾವ ಆ್ಯಪ್‌ನಲ್ಲೂ ಇಲ್ಲ. ಚಿಕ್ಕ ಊರಿನ ಪ್ರೇಕ್ಷಕರಲ್ಲಿ ಇವರೇ ಜಾಸ್ತಿ.

ಬುಕ್‌ಮೈಶೋದ 24 ಗಂಟೆ ಸಂಖ್ಯೆಗೂ ಇದೇ ಮಿತಿ. ಅದು ಆ ಆ್ಯಪ್‌ನಲ್ಲಿ ಮಾರಿದ ಟಿಕೆಟ್ ಮಾತ್ರ. ಆದರೂ ನನಗೆ ಅದು ಇಷ್ಟ. ಯಾಕಂದ್ರೆ ಅದರಲ್ಲಿ ದುಡ್ಡಿಲ್ಲ, ಟಿಕೆಟ್ ಮಾತ್ರ ಇದೆ. ಗುರುವಾರ ರಾತ್ರಿ ಒಮ್ಮೆ, ಶುಕ್ರವಾರ ಮಧ್ಯಾಹ್ನ ಒಮ್ಮೆ ನೋಡಿ ಬೇಕರಿಗೆ ಫೋನ್ ಮಾಡುತ್ತೇನೆ. “ಅಣ್ಣಾ, ಸಂಜೆಗೆ ಪಫ್ಸ್ ಒಂದು ಟ್ರೇ ಜಾಸ್ತಿ ಹಾಕಿ” ಅಂದ್ರೆ, ಅವರು “ಯಾವ ಸಿನಿಮಾ?” ಅಂತ ಕೇಳಿಯೇ ಹಿಟ್ಟು ಕಲಸೋದು. ಅಯ್ಯಂಗಾರ್ ಬೇಕರಿಗಳ ತವರು ನಮ್ಮ ಜಿಲ್ಲೆ, ಅವರಿಗೂ ಸಿನಿಮಾ ಲೆಕ್ಕ ಗೊತ್ತು. ಒಂದು ಎಚ್ಚರಿಕೆ ಮಾತ್ರ ಬೇಕು: ವರ್ಷದಿಂದ ವರ್ಷಕ್ಕೆ ಈ ಸಂಖ್ಯೆ ಹೋಲಿಸಬೇಡಿ. 2024ರ ಆಗಸ್ಟ್‌ನಲ್ಲಿ ಪೇಟಿಎಂನ ಟಿಕೆಟ್ ವ್ಯವಹಾರವನ್ನು ಜೊಮ್ಯಾಟೊ 2,048 ಕೋಟಿ ರೂಪಾಯಿಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು, ಆಮೇಲೆ ಡಿಸ್ಟ್ರಿಕ್ಟ್ ಅನ್ನುವ ಆ್ಯಪ್ ಬಂತು. ಅಲ್ಲಿ ಬುಕ್ ಮಾಡಿದವರು ಇಲ್ಲಿ ಎಣಿಕೆಗೆ ಸಿಗಲ್ಲ.

ತೆರಿಗೆ ಬದಲಾದಾಗ ಲೆಕ್ಕ ಹೇಗೆ ಮೋಸ ಮಾಡುತ್ತೆ ಅಂತ ನೋಡಿ. ಎಲ್ಲ ಸೇರಿ ನೂರು ರೂಪಾಯಿಯ ಟಿಕೆಟ್ ಅಂತ ಇಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 22ಕ್ಕಿಂತ ಮೊದಲು ಅದಕ್ಕೆ 12 ಪರ್ಸೆಂಟ್ ಜಿಎಸ್‌ಟಿ. ತೆರಿಗೆ 10 ರೂಪಾಯಿ 71 ಪೈಸೆ ಹೋಗಿ ನೆಟ್ 89 ರೂಪಾಯಿ 29 ಪೈಸೆ. ಅವತ್ತಿನಿಂದ ತೆರಿಗೆ 5 ಪರ್ಸೆಂಟ್ ಆಯಿತು. ಅದೇ ನೂರು ರೂಪಾಯಿ ಟಿಕೆಟ್‌ಗೆ ನೆಟ್ 95 ರೂಪಾಯಿ 24 ಪೈಸೆ. ಟಿಕೆಟ್ ದರ ಇಳಿಸದೆ ಹಾಗೇ ಉಳಿಸಿಕೊಂಡ ಕಡೆ, ಒಬ್ಬನೇ ಒಬ್ಬ ಪ್ರೇಕ್ಷಕ ಹೆಚ್ಚಾಗದಿದ್ದರೂ ನೆಟ್ ಕಲೆಕ್ಷನ್ ಟಿಕೆಟ್‌ಗೆ ಸುಮಾರು ಆರು ರೂಪಾಯಿ ಏರಿದಂತೆ ಕಾಣುತ್ತೆ. ನೂರು ದಾಟಿದ ಟಿಕೆಟ್‌ಗೆ 18 ಪರ್ಸೆಂಟ್ ಹಾಗೇ ಉಳಿದಿದೆ. ಆದ್ದರಿಂದ ಮಲ್ಟಿಪ್ಲೆಕ್ಸ್ ನೆಟ್‌ಗೆ ಈ ಏರಿಕೆ ಇಲ್ಲ. ಸೆಪ್ಟೆಂಬರ್‌ಗೂ ಅಕ್ಟೋಬರ್‌ಗೂ ನೆಟ್ ಹೋಲಿಸುವ ಯಾವ ಪಟ್ಟಿಯಲ್ಲಾದರೂ ಇದನ್ನು ಅಡಿಟಿಪ್ಪಣಿಯಲ್ಲಿ ಹಾಕಲೇಬೇಕು.

ಅದಕ್ಕೇ ತಲೆ ಲೆಕ್ಕ ಅಂತ ಹಟ ಹಿಡಿಯುತ್ತೇನೆ. 2022ರ ಸೆಪ್ಟೆಂಬರ್ 23ರ ರಾಷ್ಟ್ರೀಯ ಸಿನಿಮಾ ದಿನ 75 ರೂಪಾಯಿಗೆ ಟಿಕೆಟ್ ಕೊಟ್ಟರು, 65 ಲಕ್ಷ ಜನ ಬಂದರು ಅಂತ ಮಲ್ಟಿಪ್ಲೆಕ್ಸ್ ಸಂಘ ಹೇಳಿತು. ಕೋಟಿಗಳ ಪಟ್ಟಿಯಲ್ಲಿ ಆ ದಿನ ಅಷ್ಟು ದೊಡ್ಡದಾಗಿ ಕಾಣಲ್ಲ. ಜನರ ಪಟ್ಟಿ ಇದ್ದಿದ್ದರೆ ಆ ದಿನ ಮೇಲಿನ ಸಾಲಿನಲ್ಲಿ ಇರುತ್ತಿತ್ತು. ದರ ಇಳಿಸಿದರೆ ಜನ ಬರ್ತಾರೆ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ?

ನಮ್ಮ ಊರಿನ ತಿಂಗಳುಗಳೇ ಬೇರೆ. ಮಾರ್ಚ್ ಅಂದ್ರೆ ಪರೀಕ್ಷೆ, ಆಮೇಲೆ ಐಪಿಎಲ್. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿದ್ದರೆ ಅಪ್ಪ ಅಮ್ಮನೂ ಥಿಯೇಟರ್ ಕಡೆ ತಲೆ ಹಾಕಲ್ಲ. ರಾಗಿ ಕೊಯ್ಲು ಶುರುವಾದರೆ ಹಳ್ಳಿಯವರು ಮ್ಯಾಟಿನಿಗೆ ಬರಲ್ಲ, ಕಣದ ಕೆಲಸ ಮುಗಿದ ಮೇಲೆ ಸಂಸಾರ ಸಮೇತ ಬರ್ತಾರೆ. ಹಾಸನಾಂಬೆ ಬಾಗಿಲು ತೆರೆಯುವ ದಿನಗಳಂತೂ ಯಾವ ವರದಿಗೂ ಸಿಕ್ಕಲ್ಲ. ಆಶ್ವಯುಜದ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರದಿಂದ ಬಲಿಪಾಡ್ಯಮಿ ದಾಟುವವರೆಗೆ ವರ್ಷಕ್ಕೊಮ್ಮೆ ದರ್ಶನ. ಊರು ಜನದಿಂದ ತುಂಬಿರುತ್ತೆ. ಬಂದವರು ಕ್ಯೂನಲ್ಲಿ ನಿಂತು ಸುಸ್ತಾಗಿ ಬಸ್ ಹತ್ತುತ್ತಾರೆ. ಊರಿನವರು ಟ್ರಾಫಿಕ್‌ಗೆ ಹೆದರಿ ಮನೆಯಲ್ಲೇ ಇರುತ್ತಾರೆ. ಫಸ್ಟ್ ಶೋ ಮಂಕು, ಸೆಕೆಂಡ್ ಶೋ ಪರವಾಗಿಲ್ಲ. ಇಡೀ ರಾಜ್ಯದಲ್ಲಿ ದೀಪಾವಳಿ ಸುಗ್ಗಿ ಅಂತ ಅಂಕಿ ಹೇಳುವಾಗ ನಮ್ಮ ಡಿಸಿಆರ್ ಬೇರೆ ಕತೆ ಹೇಳುತ್ತಿರುತ್ತೆ.

ತಲೆ ಲೆಕ್ಕ ಸಿಗೋದು ಕಷ್ಟ ಅನ್ನುವ ಮಾತನ್ನು ನಾನು ಒಪ್ಪಲ್ಲ. ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿದ ರಾಜ್ಯ ಸರ್ಕಾರದ ನಿಯಮಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಅದೇ ತಿಂಗಳ ಕೊನೆಗೆ ವಿಭಾಗೀಯ ಪೀಠ, ಮಾರಿದ ಪ್ರತಿ ಟಿಕೆಟ್‌ನ ಲೆಕ್ಕವನ್ನೂ ಇಟ್ಟುಕೊಳ್ಳಿ ಅಂತ ಮಲ್ಟಿಪ್ಲೆಕ್ಸ್‌ಗಳಿಗೆ ಹೇಳಿತು. ಅವರಿಂದ ಆಗುತ್ತೆ ಅಂದ್ರೆ ಎಲ್ಲರಿಂದಲೂ ಆಗುತ್ತೆ. ನಮ್ಮಂಥ ಥಿಯೇಟರಿನಲ್ಲಂತೂ ಮೊದಲಿಂದಲೂ ಆಗುತ್ತಲೇ ಇದೆ, ಕಾಗದದ ಮೇಲೆ.

ಓರ್ಮ್ಯಾಕ್ಸ್‌ನವರಲ್ಲಿ ನನ್ನ ಕೋರಿಕೆ ಇಷ್ಟು: ವರ್ಷಕ್ಕೊಮ್ಮೆ ಕೊಡುವ ಟಿಕೆಟ್ ಸಂಖ್ಯೆಯನ್ನು ತಿಂಗಳ ವರದಿಯಲ್ಲೂ ಹಾಕಿ. ಪಕ್ಕದಲ್ಲೇ ಟಿಕೆಟ್ ಮಾರಾಟವಾದ ತಿಂಗಳ ಲೆಕ್ಕಕ್ಕೂ ಒಂದು ಕಾಲಂ ಕೊಡಿ. ದಿನದ ಸೈಟ್ ನಡೆಸುವವರು ಹಾಸನ, ಚಿಕ್ಕಮಗಳೂರು, ಮಂಡ್ಯದಂಥ ಊರುಗಳಲ್ಲಿ ಒಂದೊಂದು ಥಿಯೇಟರಿನ ಮ್ಯಾನೇಜರ್‌ಗೆ ಫೋನ್ ಮಾಡಿ ಕೌಂಟರ್ ಟಿಕೆಟ್ ಎಷ್ಟು ಅಂತ ಕೇಳಿ. ನಮ್ಮ ಮ್ಯಾನೇಜರ್ ಸಾರ್ ಹತ್ತಿರ ಕೇಳಿದೆ, “ಕೇಳಿದ್ರೆ ಹೇಳ್ತೀನಪ್ಪ, ಇಷ್ಟು ವರ್ಷ ಯಾರೂ ಕೇಳೇ ಇಲ್ಲ” ಅಂದರು.