ಸ್ಟೈಯರ್ ಎಲ್‌ಪಿ 10 ಏರ್ ಪಿಸ್ತೂಲ್: ಕಲಬುರಗಿಯಲ್ಲಿ ಕೆಲವು ವರ್ಷ ಬಳಸಿದ ಮೇಲೆ

ಈ ಪಿಸ್ತೂಲಿನ ಝಟ್ಕಾ, ಅಂದ್ರೆ ಹೊಡೆದಾಗ ಹಿಂದಕ್ಕೆ ಒದೆಯೋದು, ಕಡಿಮೆ ಮಾಡಬೇಕು ಅಂತ ಒಳಗಿನ ಲೋಹದ ಭಾಗಗಳಿಗೆ ಕೈ ಹಾಕಬೇಡಿ. ಅರ ಹಾಕಬೇಕಾದ್ದು ಹಿಡಿಯ ಮರಕ್ಕೆ. ನಮ್ಮ ಕಡೆ ಹೊಸದಾಗಿ 10 ಮೀಟರ್ ಶೂಟಿಂಗ್ ಶುರು ಮಾಡಿದ ಹುಡುಗರು ಸ್ಪ್ರಿಂಗ್ ಬದಲಿಸಲಾ, ಟ್ರಿಗರ್ ಉಜ್ಜಲಾ, ತೂಕ ಸೇರಿಸಲಾ ಅಂತಲೇ ಕೇಳುತ್ತಾರೆ. ಗ್ರಿಪ್, ಅಂದ್ರೆ ಹಿಡಿಯ ಬಗ್ಗೆ ಯಾರೂ ಕೇಳೋದಿಲ್ಲ. ಅದಕ್ಕೇ ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಇದು ಆಸ್ಟ್ರಿಯಾದ್ದು, 4.5 ಮಿ.ಮೀ. ಪೆಲೆಟ್, ಅಂದ್ರೆ ಸಣ್ಣ ಗುಂಡು, ಹಾಕುವ ಗಾಳಿ ಪಿಸ್ತೂಲ್. 200 ಬಾರ್ ಒತ್ತಡದ ಗಾಳಿ ತುಂಬಿದ ಸಿಲಿಂಡರ್ ಬ್ಯಾರೆಲ್ಲಿನ ಕೆಳಗಿರುತ್ತದೆ. ಒಂದೊಂದೇ ಪೆಲೆಟ್ ಕೈಯಿಂದ ಇಟ್ಟು ಲಿವರ್ ಮುಚ್ಚಬೇಕು. ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್.

ಗಾಳಿ ಪಿಸ್ತೂಲಿಗೆ ಎಂಥ ಝಟ್ಕಾ ಅಂತ ಕೇಳುವವರಿದ್ದಾರೆ. ಇದೆ, ಚಿಕ್ಕದು. ಅರ್ಧ ಗ್ರಾಂ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ, ಅದರ ಹಿಂದೆ ಗಾಳಿ ನುಗ್ಗುತ್ತದೆ, ಒಳಗೆ ಸುತ್ತಿಗೆ ವಾಲ್ವಿಗೆ ಬಡಿಯುತ್ತದೆ. ಲೆಕ್ಕ ಹಾಕಿ ನೋಡಿ: ಕಿಲೋ ತೂಕದ ಪಿಸ್ತೂಲ್, ಅರ್ಧ ಗ್ರಾಂ ಪೆಲೆಟ್, 20 ಸೆಂ.ಮೀ.ಗೆ ತುಸು ಮೇಲಿನ ಬ್ಯಾರೆಲ್ ಅಂದರೆ ಪೆಲೆಟ್ ಹೊರಗೆ ಬರುವಷ್ಟರಲ್ಲಿ ಪಿಸ್ತೂಲ್ ಹಿಂದೆ ಸರಿಯೋದು ಸುಮಾರು ಮಿಲಿಮೀಟರಿನ ಹತ್ತನೇ ಒಂದು ಭಾಗ. ಕೂದಲೆಳೆಯಷ್ಟು. ಹಾಗೆ ನೇರ ಹಿಂದಕ್ಕೆ ಸರಿದರೆ ಏನೂ ಆಗೋದಿಲ್ಲ. ಓರೆಯಾಗಿ ತಿರುಗಿದರೆ ಮಾತ್ರ ಕಷ್ಟ, ಯಾಕಂದ್ರೆ ಗುರಿಯ ನಡುವಿನ, ಹತ್ತು ಅಂಕದ ವೃತ್ತ ಇರೋದೇ 11.5 ಮಿ.ಮೀ.

ಕಂಪನಿ ಇದಕ್ಕೆ ಎರಡು ಉಪಾಯ ಮಾಡಿದೆ. ಬ್ಯಾರೆಲ್ಲಿನ ತೂತುಗಳಿಂದ ಗಾಳಿ ಮೊದಲೇ ಹೊರಗೆ ಹೋಗುತ್ತದೆ, ಮೂತಿ ಮೇಲೆ ಹಾರುವುದು ಕಡಿಮೆಯಾಗುತ್ತದೆ. ಇನ್ನೊಂದು, ಒಳಗೊಂದು ಸಣ್ಣ ತೂಕದ ತುಂಡು. ಹೊಡೆದ ಕ್ಷಣ ಪಿಸ್ತೂಲಿನ ಬದಲು ಅದು ಹಿಂದಕ್ಕೆ ಸರಿದು ಝಟ್ಕಾ ತಿಂದುಬಿಡುತ್ತದೆ. ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ. ಮೊದಲು ನಾನು ಬಳಸುತ್ತಿದ್ದ, ಈ ವ್ಯವಸ್ಥೆ ಇಲ್ಲದ ಪಿಸ್ತೂಲಿಗೂ ಇದಕ್ಕೂ ಕೈಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಆದರೂ ಶುರುವಿನಲ್ಲಿ ನನ್ನ ಮುಂದಿನ ಮೊಳೆ, ಅಂದ್ರೆ ಫ್ರಂಟ್ ಸೈಟ್, ಪ್ರತಿ ಸಲ ಹೊಡೆದ ಮೇಲೆ ಮೇಲಕ್ಕೆ ಎದ್ದು ಎಡಕ್ಕೆ ಹೋಗಿ ನಿಲ್ಲುತ್ತಿತ್ತು. ಕಾರಣ ಗ್ರಿಪ್. ಮಾರಿದ ಡೀಲರ್ ಮೀಡಿಯಂ ಅಂತ ಹೇಳಿ ಲಾರ್ಜ್ ಕಳಿಸಿದ್ದ, ಫೋನ್ ಮಾಡಿದರೆ "ಸರ್, ರೂಢಿ ಆಗುತ್ತೆ ಬಿಡಿ" ಅಂದ. ಆಗೋದಿಲ್ಲ. ದೊಡ್ಡ ಗ್ರಿಪ್ಪಿನಲ್ಲಿ ಕೈ ಪ್ರತಿ ಸಲ ಬೇರೆ ಬೇರೆ ಕಡೆ ಕೂರುತ್ತದೆ, ಅದನ್ನು ಸರಿಮಾಡಲು ಬೆರಳುಗಳು ಬಿಗಿಯುತ್ತವೆ, ಬಿಗಿದ ಬೆರಳು ಪಿಸ್ತೂಲನ್ನು ತಿರುಗಿಸುತ್ತದೆ.

ಹೊರದೇಶದಿಂದ ಹೊಸ ಗ್ರಿಪ್ ತರಿಸೋದು ದುಬಾರಿ, ಕಾಯೋದೂ ಜಾಸ್ತಿ. ಹಾಗಾಗಿ ಇದ್ದುದನ್ನೇ ಕೈಗೆ ಒಗ್ಗಿಸಿದೆ. ಬಿದ್ರಿ ಕೆಲಸ ಮಾಡುವ ಬೀದರಿನ ಗೆಳೆಯರೊಬ್ಬರು ದಾರಿ ತೋರಿಸಿದರು. ಅವರು ಪಾತ್ರೆಗೆ ಅರ ಹಾಕಿ ನುಣುಪು ಮಾಡಿದ ಮೇಲೆ ಮೈಲುತುತ್ತ ಹಚ್ಚಿ ಕಪ್ಪು ಮಾಡುತ್ತಾರೆ, ಆಗ ಉಳಿಯಲ್ಲಿ ಗೀಚಿದ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಇಲ್ಲೂ ಹಾಗೇ ಅಂದರು, ಮೊದಲು ಕಾಣುವಂತೆ ಮಾಡು, ಆಮೇಲೆ ಅರ ಹಿಡಿ. ಅಂಗೈಗೆ ಕಾಡಿಗೆ ತೆಳ್ಳಗೆ ಸವರಿ ಗ್ರಿಪ್ ಹಿಡಿದು ಬಿಡಬೇಕು. ಕಪ್ಪು ದಟ್ಟವಾಗಿ ಅಂಟಿದ ಕಡೆ ಮರ ಒತ್ತುತ್ತಿದೆ, ಅಲ್ಲಿ ಅರ್ಧ ದುಂಡಗಿನ ಅರದಿಂದ ನಾಲ್ಕು ಸಲ ಎಳೆಯಬೇಕು. ಏನೂ ಅಂಟದ ಕಡೆ ಖಾಲಿ ಇದೆ, ಅಲ್ಲಿ ಮರದ ಪುಟ್ಟಿ ತುಂಬಿ ಒಣಗಿಸಿ ಉಜ್ಜಬೇಕು. ಮತ್ತೆ ಕಾಡಿಗೆ, ಮತ್ತೆ ಹಿಡಿಯೋದು. ಅವಸರ ಮಾಡಿದರೆ ಕೆಟ್ಟಿತು, ತೆಗೆದ ಮರ ವಾಪಸ್ ಬರೋದಿಲ್ಲ.

ನನ್ನ ಗ್ರಿಪ್ಪಿನಲ್ಲಿ ಹೆಚ್ಚು ಮರ ತೆಗೆದದ್ದು ಹೆಬ್ಬೆರಳಿನ ಬುಡದಲ್ಲಿ. ಟ್ರಿಗರ್ ಬೆರಳಿನ ಪಕ್ಕದಲ್ಲೂ ತೆಗೆದೆ, ಆ ಬೆರಳು ಮರಕ್ಕೆ ತಾಕಲೇಬಾರದು, ಒಂದು ಕಾಗದ ತೂರುವಷ್ಟಾದರೂ ಸಂದಿ ಬೇಕು. ಪುಟ್ಟಿ ತುಂಬಿದ್ದು ಅಂಗೈಯ ಗುಳಿಗೆ. ಗ್ರಿಪ್ಪಿನ ಕೆಳಗೆ ಅಂಗೈ ಆನಿಸುವ ಹಲಗೆಯನ್ನು ಕೈ ಹಿಂಡುವಂತೆ ಮೇಲೆ ಏರಿಸಬೇಡಿ. ಅಲ್ಲಿ ಪಂದ್ಯದ ನಿಯಮವೂ ಇದೆ, ಅದು ಮೇಲಕ್ಕೆ ಬಾಗಿ ಕೈಯನ್ನು ಸುತ್ತುವಂತಿರಬಾರದು, ಮಣಿಕಟ್ಟಿಗೆ ಆಸರೆಯನ್ನೂ ಕೊಡಬಾರದು. ಇಡೀ ಪಿಸ್ತೂಲ್ 420 × 200 × 50 ಮಿ.ಮೀ. ಡಬ್ಬಿಯಲ್ಲಿ ಕೂರಬೇಕು, 1500 ಗ್ರಾಂ ದಾಟಬಾರದು. ಹೀಗಾಗಿ ಪುಟ್ಟಿ ಮೆತ್ತುವಾಗ 50 ಮಿ.ಮೀ. ಅಗಲ ನೆನಪಿರಲಿ.

ಸರಿ ಆಯಿತಾ ಅಂತ ತಿಳಿಯೋದು ಸುಲಭ. ಕಣ್ಣು ಮುಚ್ಚಿ ಕೈ ಎತ್ತಿ, ಕಣ್ಣು ತೆರೆಯಿರಿ. ಮುಂದಿನ ಸೈಟ್ ಹಿಂದಿನ ಸೈಟಿನ ಸಂದಿಯ ನಡುವೆ ತಾನಾಗೇ ಇರಬೇಕು. ಸ್ವಲ್ಪ ಮೇಲೆ ಕೆಳಗೆ ಇದ್ದರೆ ಗ್ರಿಪ್ಪಿನ ಕೋನದ ಸ್ಕ್ರೂ ಸಾಕು. ಈಗ ನನ್ನ ಸೈಟ್ ಹೊಡೆದ ಮೇಲೆ ನೇರ ಮೇಲೆದ್ದು ಅದೇ ಜಾಗಕ್ಕೆ ಇಳಿಯುತ್ತದೆ. ಪಿಸ್ತೂಲ್ ಅದೇ, ಪೆಲೆಟ್ ಅದೇ.

ಟ್ರಿಗರ್ ಬಗ್ಗೆ ಕಡಿಮೆ ಹೇಳಿದರೆ ಸಾಕು. ಕನಿಷ್ಠ 500 ಗ್ರಾಂ ನಿಯಮ. ಕಿರಾಣಿ ಅಂಗಡಿಯ ಅರ್ಧ ಕಿಲೋ ತೂಕಕ್ಕೆ ಕೊಕ್ಕೆ ಕಟ್ಟಿ ಟ್ರಿಗರಿನಿಂದ ಎತ್ತಿ ನೋಡುತ್ತೇನೆ. ತೂಕ ಏಳುವ ಮೊದಲೇ ಟ್ರಿಗರ್ ಬಿಟ್ಟುಕೊಟ್ಟರೆ ಸ್ಕ್ರೂ ಒಂಚೂರು ಬಿಗಿ. ಒಳಗಿನ ತುಂಡುಗಳನ್ನು ಉಜ್ಜುವ ಅಗತ್ಯವೇ ಇಲ್ಲ, ಇದಕ್ಕೆ ಕೊಟ್ಟಿರುವ ಸ್ಕ್ರೂಗಳೇ ಬೇಕಾದಷ್ಟು.

ಲಿವರ್ ಮತ್ತು ಲೋಡಿಂಗ್ ಇಷ್ಟು ದಿನವಾದರೂ ಹಗುರವಾಗಿದೆ. ಪಂದ್ಯದಲ್ಲಿ 75 ನಿಮಿಷಕ್ಕೆ 60 ಸಲ ಅದನ್ನು ಎತ್ತಬೇಕು, ಗಡುಸಾದರೆ ಕೈ ಸೋಲುತ್ತದೆ. ನಮ್ಮೂರಿನ ಧೂಳಿಗೆ ಅದರ ಸಂದಿ ಒರೆಸುತ್ತಿರಬೇಕು ಅಷ್ಟೇ. ಇಂಥ ಸಣ್ಣ ಭಾಗವನ್ನು ಹಗುರವಾಗಿ ನೋಡಬೇಡಿ. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಪಿಸ್ತೂಲ್ ಕೆಟ್ಟು, ರಿಪೇರಿಯಲ್ಲೇ ಸಮಯ ಹೋಗಿ ಫೈನಲ್ ತಪ್ಪಿತು. ಅದೇ ಹುಡುಗಿ 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ತಂದಳು. ಆ ಟೋಕಿಯೋ ದಿನ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆಗೆ, ಅಂದ್ರೆ ಓ-ರಿಂಗಿಗೆ, ಸಿಲಿಕೋನ್ ಗ್ರೀಸ್ ಮಾತ್ರ. ಮನೆಯಲ್ಲಿದೆ ಅಂತ ಹೊಲಿಗೆ ಮೆಷಿನ್ ಎಣ್ಣೆ, ತೆಂಗಿನೆಣ್ಣೆ ಹಾಕಬೇಡಿ, ಅಷ್ಟು ಒತ್ತಡದ ಗಾಳಿಯಲ್ಲಿ ಎಣ್ಣೆ ಹೊತ್ತಿಕೊಳ್ಳಬಹುದು. ಬೇಸಿಗೆಯಲ್ಲಿ ಇನ್ನೊಂದು. ಸೂಪರ್ ಮಾರ್ಕೆಟ್ಟಿನಲ್ಲಿ ಏಪ್ರಿಲ್ ಮಧ್ಯಾಹ್ನ ಕಾರು ನಿಲ್ಲಿಸಿ ಹೋದರೆ ಒಳಗೆ ಒಲೆ ಇಟ್ಟ ಹಾಗಿರುತ್ತದೆ ಅಲ್ವಾ? 25 ಡಿಗ್ರಿಯಲ್ಲಿ 200 ಬಾರ್ ತುಂಬಿದ ಸಿಲಿಂಡರ್ 60 ಡಿಗ್ರಿಗೆ ಹೋದರೆ ಒತ್ತಡ 220 ದಾಟುತ್ತದೆ. ಕಾರಿನಲ್ಲಿ ಬಿಡಲೇಬೇಡಿ. ಕೈಪಂಪಿನಿಂದ ತುಂಬುವವರು ಮಳೆಗಾಲದಲ್ಲಿ ತೇವ ಹೀರುವ ಫಿಲ್ಟರ್ ಹಾಕಿಕೊಳ್ಳಿ.

ಕೊರತೆ ಅಂದರೆ ಬಿಡಿಭಾಗ. ಕಲಬುರಗಿಯಲ್ಲಿ ಏನೂ ಸಿಗೋದಿಲ್ಲ, ಒಂದು ಸೀಲ್ ಕಿಟ್ ಬೇಕಾದರೂ ಹೊರಗಿಂದಲೇ ಬರಬೇಕು, ಅದಕ್ಕೆ ಒಂದು ಸೆಟ್ ಮೊದಲೇ ಇಟ್ಟುಕೊಳ್ಳಿ. ಗಾಳಿಯ ಒತ್ತಡ ಹದದಲ್ಲಿಡುವ ರೆಗ್ಯುಲೇಟರ್, ವಾಲ್ವ್ ಬಿಚ್ಚುವ ಕೆಲಸ ಗೊತ್ತಿದ್ದ ಸರ್ವಿಸ್‌ನವರಿಗೇ ಬಿಡಿ.

ಇಷ್ಟೆಲ್ಲಾ ಇದ್ದೂ ಮತ್ತೆ ತಗೊಳ್ಳುವುದಾದರೆ ಇದನ್ನೇ ತಗೊಳ್ಳುತ್ತೇನೆ. ನೀವು ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ದುಡ್ಡು ಕಳಿಸುವ ಮುಂಚೆ ಎರಡು ಫೋಟೋ ಕೇಳಿ. ಒಂದು, ಗ್ರಿಪ್ಪಿನ ಮೇಲಿನ ಸೈಜ್. ಇನ್ನೊಂದು, ಸಿಲಿಂಡರಿನ ಮೇಲೆ ಒತ್ತಿದ ತಾರೀಖು. ಕಂಪನಿ ಕೊಟ್ಟ ಅವಧಿ, ಸಾಮಾನ್ಯವಾಗಿ 10 ವರ್ಷ, ದಾಟಿದ ಸಿಲಿಂಡರನ್ನು ಪಂದ್ಯಕ್ಕೆ ಬಿಡದೇ ಇರಬಹುದು, ಹೊಸದರ ಖರ್ಚು ನಿಮ್ಮ ತಲೆ ಮೇಲೆ. ಫೋಟೋ ಕಳಿಸಲು ಸತಾಯಿಸಿದರೆ ಬೇರೆ ಕಡೆ ನೋಡಿ.