ಅಸ್ತಮಾಕ್ಕೆಂದು ಮಾರುವ ಹೈಡ್ರೋಜನ್ ಯಂತ್ರ: ಕೊಳ್ಳುವ ಮುನ್ನ ಅಡಾಪ್ಟರ್ ತಿರುಗಿಸಿ ನೋಡಿ

ನೀರನ್ನು ವಿದ್ಯುತ್ತಿನಿಂದ ಒಡೆದು, ಬಂದ ಹೈಡ್ರೋಜನ್ನನ್ನು ಮೂಗಿನ ನಳಿಕೆಗೆ ಕಳಿಸುವ ಮನೆಬಳಕೆಯ ಯಂತ್ರ ಇದು. ಧೂಳು, ಪರಾಗದ ಅಲರ್ಜಿಯಿಂದ ಬರುವ ಅಸ್ತಮಾಕ್ಕೆಂದೇ ಕೊಳ್ಳುವುದಾದರೆ ನಮ್ಮ ಸಲಹೆ: ಸದ್ಯಕ್ಕೆ ಬೇಡ. ಆಗಲೇ ಮನೆಗೆ ಬಂದಿದ್ದರೆ, ಮೊದಲು ಅದು ಹೇಳಿದಷ್ಟು ಗ್ಯಾಸ್ ಕೊಡುತ್ತದೆಯೇ ನೋಡಿ.

ಮಿನಿಟಿಗೆ 100 ಮಿಲಿ ಹೈಡ್ರೋಜನ್ ತಯಾರಾಗಲು ಸುಮಾರು 27 ವ್ಯಾಟ್ ಬೇಕು. ಅಡಾಪ್ಟರಿನ ಮೇಲೆ 12 ವೋಲ್ಟ್, 5 ಆಂಪಿಯರ್ ಎಂದಿದ್ದರೆ ಒಟ್ಟು 60 ವ್ಯಾಟ್. ಅದರಿಂದ 220 ಮಿಲಿ ಬಂದರೇ ಹೆಚ್ಚು. ಡಬ್ಬದ ಮೇಲೆ 600 ಎಂದು ಬರೆದಿದ್ದರೆ ಅದು ಸುಳ್ಳು. ಕೆಲವರು ಜೊತೆಗೆ ಬರುವ ಆಕ್ಸಿಜನ್ನನ್ನೂ ಲೆಕ್ಕಕ್ಕೆ ಸೇರಿಸಿ ಅಂಕಿ ಉಬ್ಬಿಸುತ್ತಾರೆ. ಅಂಥ ಮಿಶ್ರಣದಲ್ಲಿ ಮೂರರಲ್ಲಿ ಒಂದು ಪಾಲು ಆಕ್ಸಿಜನ್.

ಅಳೆಯುವುದೂ ಸುಲಭ. 500 ಮಿಲಿಯ ಅಳತೆ ಜಾಡಿಗೆ ನೀರು ತುಂಬಿ, ಬಕೆಟ್ ನೀರಿನಲ್ಲಿ ಬೋರಲು ಹಾಕಿ, ನಳಿಕೆಯ ತುದಿಯನ್ನು ಒಳಗೆ ತೂರಿಸಿ ಒಂದು ಮಿನಿಟು ಬಿಡಿ. ಎಷ್ಟು ನೀರು ಇಳಿಯಿತೋ ಅಷ್ಟು ಗ್ಯಾಸ್. ಕಡಿಮೆ ಬಂದರೆ ಮೊದಲು ಗುಳ್ಳೆ ಬಾಟಲಿಯ (ನಳಿಕೆಗೆ ಹೋಗುವ ಮುನ್ನ ಗ್ಯಾಸ್ ನೀರಿನಲ್ಲಿ ಗುಳ್ಳೆಯಾಗಿ ಹಾಯುವ ಬಾಟಲಿ) ಮುಚ್ಚಳದ ವಾಷರ್ ನೋಡಿ. ಸೋಪಿನ ನೀರು ಹಚ್ಚಿದರೆ ಸೋರಿಕೆ ಕಣ್ಣಿಗೇ ಕಾಣುತ್ತದೆ. ಜಾಡಿಯನ್ನು ಬಯಲಲ್ಲಿ ಖಾಲಿ ಮಾಡಿ.

ಇನ್ನು ಡೋಸಿನ ಮಾತು. ಹೈಡ್ರೋಜನ್ನು ಜೀವಕೋಶಕ್ಕೆ ಹಾನಿ ಮಾಡುವ ಹೈಡ್ರಾಕ್ಸಿಲ್ ರ್‍ಯಾಡಿಕಲ್ಲನ್ನು ಆಯ್ದು ತಗ್ಗಿಸುತ್ತದೆ ಎಂದು 2007ರಲ್ಲಿ ಜಪಾನಿನ ನಿಪ್ಪಾನ್ ಮೆಡಿಕಲ್ ಸ್ಕೂಲಿನ ತಂಡ ತೋರಿಸಿತು. ಆಸಕ್ತಿ ಹುಟ್ಟಿದ್ದು ಅಲ್ಲಿಂದ. ಅಸ್ತಮಾ ಬರಿಸಿದ ಇಲಿಗಳಿಗೆ ಚೀನಾದಲ್ಲಿ ಶೇ. 67ರಷ್ಟು ಹೈಡ್ರೋಜನ್ ಇರುವ ಗ್ಯಾಸ್ ಮಿಶ್ರಣವನ್ನು ದಿನಕ್ಕೆ ಒಂದು ಗಂಟೆಯಂತೆ ಏಳು ದಿನ ಕೊಟ್ಟಾಗ ಶ್ವಾಸನಾಳದ ಉರಿಯೂತ ತಗ್ಗಿತು. ಮಾರುವವರು ಮುಂದೆ ಹಿಡಿಯುವುದು ಇಂಥ ಫಲಿತಾಂಶವನ್ನೇ. ಮನುಷ್ಯರ ಮೇಲೆ? 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 10 ಅಸ್ತಮಾ ರೋಗಿಗಳಿಗೆ ಶೇ. 2.4ರ ಹೈಡ್ರೋಜನ್ ಅನ್ನು ಒಂದೇ ಸಲ, 45 ನಿಮಿಷ ಕೊಟ್ಟರು. ಉರಿಯೂತದ ಕೆಲವು ಗುರುತುಗಳು ಇಳಿದವು. ಒಂದು ಸಲದ ಪ್ರಯೋಗದಿಂದ ರಾತ್ರಿಯ ಉಬ್ಬಸ, ವರ್ಷದ ಅಟ್ಯಾಕುಗಳು ಕಡಿಮೆಯಾದವೇ ಎಂಬುದು ತಿಳಿಯುವಂತಿಲ್ಲ.

ನಾವು ಉಸಿರೆಳೆಯುವ ವೇಗ ಮಿನಿಟಿಗೆ ಸುಮಾರು 20 ಲೀಟರ್. ಯಂತ್ರ ಮಿನಿಟಿಗೆ 300 ಮಿಲಿ ಹೈಡ್ರೋಜನ್ ಕೊಟ್ಟು ಅದು ಇದರಲ್ಲಿ ಬೆರೆತರೆ ಶೇ. 1.5 ಆಗುತ್ತದೆ, ಉಸಿರು ಬಿಡುವಾಗ ಬಂದದ್ದು ಬಹುಪಾಲು ವ್ಯರ್ಥ. ಇಲಿಗಳಿಗೆ ಕೊಟ್ಟ 67 ಎಲ್ಲಿ, ಇದೆಲ್ಲಿ?

ಯಂತ್ರ ಕೆಡುವುದು ಹೆಚ್ಚಾಗಿ ನೀರಿನಿಂದ. ಬೋರ್‌ವೆಲ್ ನೀರು ಬೇಡವೇ ಬೇಡ, ಆರ್‌ಓ ನೀರೂ ಸಾಲದು: ಉಳಿದ ಕ್ಯಾಲ್ಸಿಯಂ ಯಂತ್ರದೊಳಗೆ ನೀರು ಒಡೆಯುವ ಜಾಗದ ತೆಳು ಪದರದಲ್ಲಿ (ಮೆಂಬ್ರೇನ್) ಕೂತು ಗ್ಯಾಸ್ ಇಳಿಸುತ್ತದೆ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಸೊನ್ನೆ ಅಥವಾ ಒಂದು ತೋರಿಸುವ ಡಿಸ್ಟಿಲ್ಡ್ ನೀರೇ ಬೇಕು. ಗುಳ್ಳೆ ಬಾಟಲಿಯ ನೀರನ್ನು ದಿನಾ ಚೆಲ್ಲಿ, ತೊಳೆದು ಒಣಗಿಸಿ. ಅಲ್ಲಿ ಬೂಷ್ಟು ಬೆಳೆದರೆ ಅಲರ್ಜಿಯವರ ಮೂಗಿಗೆ ನೇರವಾಗಿ ಬೂಷ್ಟನ್ನೇ ಊದಿದಂತೆ.

ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ. ಗಂಟೆಗೆ 18 ಲೀಟರ್ ಬಂದರೆ ಹತ್ತಡಿ ಕೋಣೆ ತುಂಬುವುದಿಲ್ಲ, ಆದರೆ ನಳಿಕೆಯ ಬಾಯಿ, ಬಾಟಲಿ, ಮುಚ್ಚಿದ ಕಪಾಟು ಅಪಾಯ. ದೇವರ ದೀಪ, ಊದುಬತ್ತಿ, ಒಲೆ ಹತ್ತಿರ ಬೇಡ. ಆಕ್ಸಿಜನ್ ಜೊತೆ ಬೆರೆಸಿ ಕೊಡುವ ಮಾದರಿಯಲ್ಲಂತೂ ಗ್ಯಾಸ್ ನಳಿಕೆಯೊಳಗೇ ಸಿಡಿಯುವ ಮಿಶ್ರಣ. ಮನೆಗೆ ಅದನ್ನು ತರಲೇಬೇಡಿ.

ಯಂತ್ರ ಬಳಸಿದರೂ ವೈದ್ಯರು ಕೊಟ್ಟ ಸ್ಟೀರಾಯ್ಡ್ ಇನ್ಹೇಲರಿನ ಒಂದು ಪಫ್ಫನ್ನೂ ಬಿಡಬೇಡಿ. ಬೆಳಿಗ್ಗೆ, ಸಂಜೆ ಪೀಕ್ ಫ್ಲೋ ಮೀಟರ್ (ಉಸಿರು ಊದುವ ವೇಗ ಅಳೆಯುವ ಸಾಧನ) ಊದಿ ಬರೆದಿಡಿ. ನಿಮ್ಮ ಅತ್ಯುತ್ತಮ ಅಂಕಿಯ ಶೇ. 80ಕ್ಕಿಂತ ಕೆಳಗಿಳಿದರೆ ವೈದ್ಯರು ಕೊಟ್ಟ ಯೋಜನೆಯಂತೆ ನಡೆಯಿರಿ. 50ಕ್ಕಿಂತ ಕೆಳಗಾದರೆ ಉಬ್ಬಸವನ್ನು ಬೇಗ ಇಳಿಸುವ ರಿಲೀವರ್ ಇನ್ಹೇಲರ್ ತೆಗೆದುಕೊಂಡು ತಕ್ಷಣ ಆಸ್ಪತ್ರೆಗೆ ಹೊರಡಿ.